ಎರಡನೆಯ ಹೂವು

ತುಟಿಗೆ ತಣ್ಣಗೆ ತಾಗಿತು, ಅಂದರೆ ಹದ ಬಂದಿದೆ, ಬಿಳಿ ಚಾಕೊಲೇಟು ಕಪ್ಪಿನ ಹಾಗಲ್ಲ, ಚೂರು ಬಿಸಿ ಹೆಚ್ಚಾದರೂ ಮುನಿಸಿಕೊಂಡು ಗಂಟುಗಟ್ಟಿ ಕೂರುತ್ತದೆ, ನೆವೆನಾ ಚಾಕುವಿನ ತುದಿ ಅದ್ದಿದಳು, ಹಾಳೆಯ ಮೇಲೆ ಒತ್ತಿ ಹಿಂದಕ್ಕೆ ಎಳೆದಳು, ಒಂದು ಎಸಳು, ನಡುವೆ ಚಾಕು ಬಿಟ್ಟುಹೋದ ಪುಟ್ಟ ಕುಳಿ — ಆ ಕುಳಿ ಇದ್ದರೇನೇ ಎಸಳು, ಇಲ್ಲದಿದ್ದರೆ ಬರೀ ಹನಿ — ಇಂಥ ಐದು ಸೇರಿದರೆ ಒಂದು ಹೂವು, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮದುವೆ, ಮೂವತ್ತಾರು ಕಪ್‌ಕೇಕು, ಸೊಸೆಯ ಮದುವೆ, ಹಾಗಂತ ಯಾರಿಗಾದರೂ ಹೇಳಿದರೆ ನಗುತ್ತಾರೆ, ಸೊಸೆಯ ಮದುವೆಗೆ ಅತ್ತೆ ಹೂವು ಮಾಡುವುದೇ, ರಾಲಿತ್ಸಾ ಇದೇ ಕುರ್ಚಿಯ ಮೇಲೆ ಕೂತು ಕೇಳಿದ್ದಳು, ಹೂವು ನೀವೇ ಮಾಡಿಕೊಡಿ ಅತ್ತೆ, ಈ ರೂಸೆ ಊರಲ್ಲಿ ಬೇರೆ ಅಂಗಡಿ ಇಲ್ಲ ಅಂತಲ್ಲ, ನಿಮ್ಮ ಕೈದೇ ಬೇಕು ಅಂತ, ಅವಳ ಕಣ್ಣು ನೆಲದ ಮೇಲಿತ್ತು, ಆಯ್ತಮ್ಮಾ ಅಂದಿದ್ದಳು ನೆವೆನಾ, ಅನ್ನದೆ ಇರುವುದಾದರೂ ಹೇಗೆ, ಮೊಮ್ಮಗಳು ಯಾನಾ ಭಾನುವಾರ ಭಾನುವಾರ ಈ ಮೆಟ್ಟಿಲು ಹತ್ತಿ ಬರುವುದು ಇವಳು ಕಳಿಸಿದರೆ ತಾನೇ. ಮತ್ತೆ ಆ ಮದುಮಗ ಒರ್ಲಿನ್, ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬೈದು ಹಗುರವಾಗಬಹುದಿತ್ತು, ಪುಣ್ಯಾತ್ಮ ಚಳಿಗಾಲದಲ್ಲಿ ಕರೆಯದೆಯೇ ಬಂದು ನೀರೊಲೆ ರಿಪೇರಿ ಮಾಡಿ ಹೋದ, ಒಂದು ಲೋಟ ರಾಕಿಯಾ ಸಾರಾಯಿ ಕೂಡ ಮುಟ್ಟಲಿಲ್ಲ, ಗಾಡಿ ಓಡಿಸಬೇಕು ಅಂದ — ಗಾಡಿ, ಮಂಜು, ಮೂರು ವರ್ಷದ ಹಿಂದಿನ ನವೆಂಬರು, ಕಾಲಿನ್ ಹೊರಡುವಾಗ ಇಷ್ಟೇ ಹೇಳಿದ್ದ, ಸಂಜೆಗೆ ಬಂದುಬಿಡ್ತೀನಿ ಅಮ್ಮ, ಡಾನ್ಯೂಬಿನ ಕಡೆಯಿಂದ ಎದ್ದ ಮಂಜಿನಲ್ಲಿ ಎದುರಿನ ಲಾರಿ ಮಗನಿಗೆ ಕಾಣಲಿಲ್ಲವಂತೆ, ಅಷ್ಟೇ.

ಹೂವು ಮಾಡಿ ಎಷ್ಟು ಕಾಲವಾಯಿತು, ಕೊನೆಯ ಸಲ ಮಾಡಿದ್ದು ಅವನು ತೀರಿಹೋದ ನಲವತ್ತನೆಯ ದಿನಕ್ಕೆ, ಸಮಾಧಿಗೆ ಒಯ್ಯುವ ಬೇಯಿಸಿದ ಗೋಧಿ, ಮೇಲೆ ಸಕ್ಕರೆ ಪುಡಿ, ಅದರ ಮೇಲೆ ಎರಡು ಬಿಳಿ ಹೂವು, ಸ್ಮಶಾನದಲ್ಲಿ ಮಣ್ಣು ಕುಸಿದು ಕುಳಿ ಬಿದ್ದಿತ್ತು, ಕಾವಲಿನವನು ಟೋಪಿ ತೆಗೆದು, ಮಣ್ಣು ಕೂರ್ತಾ ಇದೆ ತಾಯಿ, ಪೂರ್ತಿ ಕೂತಮೇಲೆ ಕಲ್ಲು ಹಾಕಿಸಿ ಅಂದ, ಈಗ ಕೂತಿದೆಯಂತೆ, ಏನು ಮಣ್ಣೋ, ಅವಳ ಎದೆಯೊಳಗಿನದು ಇನ್ನೂ ಕೂತಿಲ್ಲ — ಕೈ ಮಾತ್ರ ತನ್ನ ಪಾಡಿಗೆ ಓಡುತ್ತದೆ, ಎಸಳು ಬಿಡಿಸು, ಕೂಡಿಸು, ಕೆನೆಯ ಮೇಲೆ ಕೂರಿಸು, ಪಕ್ಕಕ್ಕೆ ಇನ್ನೊಂದು, ಮುಂದಿನದು, ಯಾನಾ ಮೊನ್ನೆ ಒರ್ಲಿನ್‌ನನ್ನು ಅಪ್ಪ ಅಂದಳು, ಅಂದು ಅಜ್ಜಿಯ ಮುಖ ನೋಡಿದಳು, ಐದು ವರ್ಷದ ಮಗುವಿಗೂ ಗೊತ್ತಾಗುತ್ತದಲ್ಲ, ಅನ್ನು ಕಂದಾ, ಅನ್ನು, ಅಂದಳು ನೆವೆನಾ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು, ಇನ್ನೊಂದು, ಪಕ್ಕಕ್ಕೆ ಇನ್ನೊಂದು, ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು, ಸದ್ಯ, ಮುಗಿಯಿತು, ಸೊಂಟ ಹಿಡಿದುಕೊಂಡು ಹಿಂದೆ ಸರಿದು ಒಟ್ಟಿಗೆ ನೋಡಿದಳು, ನೋಡಿದವಳು ಹಾಗೆಯೇ ನಿಂತುಬಿಟ್ಟಳು.

ಎರಡು. ಎಲ್ಲದರ ಮೇಲೂ ಎರಡೆರಡು. ಅಯ್ಯೋ ದೇವರೇ, ಬದುಕಿರುವವರಿಗೆ ಒಂದು, ಮೂರು, ಐದು, ಜೋಡಿ ಹೂವು ಸತ್ತವರಿಗೆ, ಈ ಊರಿನಲ್ಲಿ ಹೂ ಮಾರುವವಳು ಕೂಡ ಕೊಡುವ ಮೊದಲು ಯಾರಿಗೆ ಅಂತ ಕೇಳುತ್ತಾಳೆ, ಮೂವತ್ತಾರು ನೆಂಟರು ಕೈಯಲ್ಲಿ ಹಿಡಿದು ನೋಡುತ್ತಾರೆ, ಮುದುಕಿ ಶಾಪ ಹಾಕಿದಳು ಅನ್ನುತ್ತಾರೆ — ಮೂರನೆಯದು ಇಡೋಣವೆಂದರೆ ಬೋಗುಣಿಯಲ್ಲಿ ಚಾಕೊಲೇಟಿಲ್ಲ, ತಳ ಕಾಣುತ್ತಿದೆ, ಕೈತಪ್ಪು, ಕೈತಪ್ಪೇ, ನಿಜ ಹೇಳು ನೆವೆನಾ, ಹತ್ತನೆಯದನ್ನು ಇಡುವಾಗಲೇ ಏನೋ ಚುಚ್ಚಿತ್ತಲ್ಲವೇ, ಚುಚ್ಚಿದರೂ ಕೈ ನಿಲ್ಲಲಿಲ್ಲ, ನಿಲ್ಲಿಸಲಿಲ್ಲ, ಈ ಮದುವೆ ಅವಳಿಗೆ ಬೇಡವಾಗಿತ್ತು, ಬೇಡವೇ ಬೇಡವಾಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲು, ರಾಲಿತ್ಸಾ ಕೆನ್ನೆಗೆ ಮುತ್ತಿಟ್ಟು, ವಾಸನೆ ಕೆಳಗಿನವರೆಗೂ ಬಂದಿದೆ ಅತ್ತೆ ಅನ್ನುತ್ತ ಮೇಜಿನತ್ತ ತಿರುಗಿದಳು, ಅವಳ ತುಟಿ ಎಣಿಸುತ್ತಿತ್ತು, ಇಲ್ಲಿಗೆ ಮುಗಿಯಿತು, ಇನ್ನು ಯಾನಾ ಬರುವುದಿಲ್ಲ, ಭಾನುವಾರವೆಂಬುದೇ ಇರುವುದಿಲ್ಲ, ನನ್ನಿಂದ ತಪ್ಪಾಯ್ತು ಮಗಳೇ ಅಂದಳು ನೆವೆನಾ, ಬರೀ ಕೈಯಿಂದ ಆದ ತಪ್ಪಲ್ಲ, ಅದನ್ನೂ ಅಂದುಬಿಟ್ಟಳು.

ರಾಲಿತ್ಸಾ ಕೋಟು ಬಿಚ್ಚಿದಳು, ಕೈ ತೊಳೆದಳು, ಕುರ್ಚಿ ಎಳೆದು ಕೂತಳು, ಒಂದೊಂದು ತೆಗೆದುಬಿಡೋಣ ಅತ್ತೆ, ನಮಗೆ ಒಂದು ಸಾಕು, ಬೆರಳ ತುದಿಯಲ್ಲಿ ಮೊದಲನೆಯದನ್ನು ಎತ್ತಿ ಖಾಲಿ ಡಬ್ಬಿಯೊಳಗೆ ಇಟ್ಟಳು, ಅವನಿಗೆ ಅಂತ ಮಾಡಿದ್ದು ಅವನಿಗೇ ಹೋಗಲಿ, ಬೆಳಿಗ್ಗೆ ಚರ್ಚಿಗೆ ಮುಂಚೆ ಸಮಾಧಿಗೆ ಹೋಗಿ ಕೊಟ್ಟು ಬರೋಣ, ನಾನೊಬ್ಬಳೇ ಹೋಗೋಣ ಅಂತಿದ್ದೆ, ನಿಮ್ಮನ್ನು ಕರೆಯೋಕೆ ಧೈರ್ಯ ಬರಲಿಲ್ಲ. ಇಬ್ಬರೂ ತೆಗೆದರು, ಡಬ್ಬಿಯಲ್ಲಿ ಮೂವತ್ತಾರು, ಜೋಡಿ ಸಂಖ್ಯೆಯೇ, ಮೂಗು ಒರೆಸಿಕೊಂಡು ರಾಲಿತ್ಸಾ ಚಾಕು ಕೊಟ್ಟಳು, ಹೂವಿದ್ದ ಜಾಗ ಕಾಣ್ತಿದೆ, ಸವರಿಬಿಡಿ, ನೆವೆನಾ ಸವರಿದಳು, ಕೆನೆ ಮುಚ್ಚಿಕೊಂಡಿತು, ಮುಂದಿನದು, ಅದೂ ಮುಚ್ಚಿಕೊಂಡಿತು, ಎಷ್ಟು ಸುಲಭ, ಕೊನೆಯದರ ಮೇಲೆ ಚಾಕು ಹಿಡಿದಳು, ಒಂದು ಹೂವು, ಅದರ ಪಕ್ಕದಲ್ಲಿ ಹೆಬ್ಬೆರಳ ತುದಿಯಷ್ಟು ಕುಳಿ, ಇದೊಂದು ಇರಲಿ ಅಂತ ರಾಲಿತ್ಸಾ ಅಂದಳೋ, ತಾನೇ ಅಂದುಕೊಂಡಳೋ, ಚಾಕು ಕೆಳಗಿಟ್ಟಳು, ಒಂದು ಹೂವು, ಪಕ್ಕದಲ್ಲಿ ಆ ಕುಳಿ