ಅಂಗಾಲು ಒತ್ತುವ ಹೊತ್ತು

"ಬಾರಮ್ಮ ಚೂಟಿ, ಒಂದ್ಸಲ ನಿಮ್ಮಪ್ಪನ್ನ ನೋಡ್ಬಾ," ಎನ್ನುತ್ತ ಸೋದರತ್ತೆ ಬೀರುವಿನ ಸಂದಿಗೆ ಕೈ ತೂರಿಸಿ ಮಗುವಿನ ಕೆನ್ನೆಯನ್ನು ಮೆಲ್ಲಗೆ ಸವರಿದಳು. ಮರುಕ್ಷಣವೇ ಮನೆಯೆಲ್ಲ ಬೆಚ್ಚಿಬೀಳುವಂತೆ ಚೂಟಿ ಕಿರುಚಿದಳು. ಸವರಿಸಿಕೊಂಡ ಕೆನ್ನೆಯನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡು ಗೋಡೆಗೆ ಇನ್ನಷ್ಟು ಅಂಟಿ ಕೂತಳು.

ಅತ್ತೆ ಕೈ ಹಿಂದಕ್ಕೆಳೆದುಕೊಂಡಳು. "ನಾನೇನು ಗಿಲ್ಲಿದ್ನಾ? ಹೂವಿನ ಹಾಗೆ ಮುಟ್ದೆ."

"ಅದಕ್ಕೇ," ಎಂದಳು ತಾಯಿ. ಬೆಳಗಿನಿಂದ ಅವಳ ಬಾಯಿಂದ ಹೊರಟ ಮೊದಲ ಮಾತು ಅದು.

ಐದು ವರ್ಷದ ಚೂಟಿಗೆ ಆಟಿಸಂ. ಮಾತು ಬಂದಿಲ್ಲ. ಮೆತ್ತಗೆ ಮುಟ್ಟಿದರೆ ಅವಳಿಗೆ ಮೈಮೇಲೆ ಇರುವೆ ಹರಿದ ಹಾಗೆ ಆಗುತ್ತದೆ. ಇವತ್ತು ಬಂದವರೆಲ್ಲ ಅಯ್ಯೋ ಪಾಪ ಎಂದು ಮೆತ್ತಗೇ ಮುಟ್ಟುತ್ತಿದ್ದರು. ಪಾಪ ಎನ್ನುವವರಿಗೆ ಗಟ್ಟಿಯಾಗಿ ಮುಟ್ಟಲು ಹೇಗೆ ತಾನೇ ಮನಸ್ಸು ಬಂದೀತು?

ಹಜಾರದಲ್ಲಿ, ಸುತ್ತ ಕೂತವರ ಬೆನ್ನುಗಳ ನಡುವೆ, ಅವಳ ಅಪ್ಪನನ್ನು ಮಲಗಿಸಿದ್ದರು. ಸೋಫಾ ರಿಪೇರಿ ಮಾಡುವವನು. ಕೆಲಸ ಮಾಡುವಾಗ ತುಟಿಗಳ ಮಧ್ಯೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಇರುತ್ತಿದ್ದುದರಿಂದ ಬೀದಿಗೆಲ್ಲ ಮೊಳೆಯಣ್ಣ. ಗಿರಾಕಿ ಏನು ಕೇಳಿದರೂ "ಹ್ಞೂಂ" ಇಲ್ಲವೇ "ಉಹೂಂ". ಚೌಕಾಸಿ ಮಾಡಲು ಬಂದವರು ಆ ಉಹೂಂ ಕೇಳಿಯೇ ಸುಸ್ತಾಗಿ ಹೋಗುತ್ತಿದ್ದರು. ನಲವತ್ತೂ ತುಂಬಿರಲಿಲ್ಲ. ನೆಗಡಿ ಬಂದರೂ ಅಂಗಡಿ ಮುಚ್ಚಿದವನಲ್ಲ.

ಬಾಗಿಲ ಬಳಿ ಅಂಗಡಿಯ ಜೊತೆಗಾರ ಚೂಟಿಯ ದೊಡ್ಡಪ್ಪನೆದುರು ನಿಂತು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದ.

"ನಿದ್ದೆ ಅಂದ್ಕೊಂಡೆ ದೊಡ್ಡಣ್ಣ. ಸೋಫಾ ಮುಗಿದ ಮೇಲೆ ಒಂದ್ನಿಮಿಷ ಒರಗಿ ನೋಡೋದು ಅವನ ಅಭ್ಯಾಸ. ನಿನ್ನೇನೂ ಒರಗಿದ. ಸೆಖೆ ಅಂತ ನಾನು ಫ್ಯಾನ್ ಹಾಕ್ದೆ. ಸೋಫಾದೋರು ಬಂದ್ರೆ, 'ಎಬ್ಬಿಸ್ಬೇಡಿ, ಮಗಳಿಂದ ಅವನಿಗೆ ರಾತ್ರಿ ಸರಿ ನಿದ್ದೆ ಇಲ್ಲ' ಅಂತ ಹೊರಗೇ ಕೂರಿಸ್ದೆ."

"ನಿಂಗೇನು ಗೊತ್ತಿತ್ತು ಬಿಡಪ್ಪ. ಹಾರ್ಟು ಅಂದ್ರಲ್ಲ ಡಾಕ್ಟ್ರು," ಎಂದ ದೊಡ್ಡಪ್ಪ.

"ಬಾಯಲ್ಲಿ ಮೊಳೆ ಹಾಗೇ ಇತ್ತು ದೊಡ್ಡಣ್ಣ. ಮೊಳೆ ಉಗುಳದೆ ಅವನು ಯಾವತ್ತೂ ಕಣ್ಣು ಮುಚ್ಚಿದೋನಲ್ಲ. ನಾನು ಅದನ್ನ ನೋಡ್ಲೇ ಇಲ್ಲ."



ತಾಯಿಗೆ ಅಳು ಬಂದಿರಲಿಲ್ಲ. ತಲೆಯೊಳಗೆ ಒಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ಗಂಡನನ್ನು ಒಯ್ಯುತ್ತಾರೆ, ಎಲ್ಲರೂ ಮನೆಗೆ ಹೋಗುತ್ತಾರೆ. ಆಮೇಲೆ ಸಂಜೆ ಬರುತ್ತದೆ. ಆಗ ಚೂಟಿಯನ್ನು ಮುಟ್ಟುವವರು ಯಾರು?

* * *

ಎರಡು ವರ್ಷದ ಹಿಂದೆ ತರಬೇತಿ ಕೇಂದ್ರದಲ್ಲಿ ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿ ಮಕ್ಕಳಿಗೆ ಮಸಾಜು ಮಾಡುವುದನ್ನು ಹೇಳಿಕೊಟ್ಟಿದ್ದರು. ಅಂಗಾಲಿನಿಂದ ಶುರುಮಾಡಿ, ಅಂಗೈ ಪೂರ್ತಿ ಊರಿ, ನಿಧಾನವಾಗಿ ಒತ್ತಬೇಕು.

"ಮೆತ್ತಗೆ ಸವರಬೇಡಿ ಅಮ್ಮಾ, ಈ ಮಗುಗೆ ಅದು ಆಗಲ್ಲ. ಒತ್ತಿ," ಎಂದಿದ್ದರು ಟೀಚರ್.

ತಾಯಿ ಒತ್ತಲು ಹೋದಳು. ಅಷ್ಟು ಸಣ್ಣ ಪಾದ. ನೋವಾದೀತೆಂದು ಕೈ ತಾನಾಗಿ ಹಗುರವಾಯಿತು. ಚೂಟಿ ಅರಚಿ, ಅವಳ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದಳು. ಹೆತ್ತವಳ ಕೈಯನ್ನೇ ಒಲ್ಲದ ಮಗು ಎಂದು ಅವಳು ಬಸ್ಸಿನಲ್ಲಿ ಮನೆಯವರೆಗೂ ಅತ್ತಳು.

ಅವತ್ತು ಸಂಜೆ ಗಂಡ ಅಂಗಡಿಯಿಂದ ಬಂದು, ಕೈ ತೊಳೆದು, ಉಳಿದ ತುಂಡುಗಳಲ್ಲಿ ತಾನೇ ಹೊಲಿದಿದ್ದ ನೀಲಿ ರೆಕ್ಸಿನ್ ಹಾಸನ್ನು ಹಾಸಿದ. ಸ್ಪಂಜಿನ ಗಟ್ಟಿತನ ನೋಡುವವನಂತೆ ಮಗಳ ಅಂಗಾಲಿಗೆ ಅಂಗೈ ಊರಿ ಒತ್ತಿದ. ಚೂಟಿ ಸುಮ್ಮನಾದಳು. ಅವನು ಬಿಟ್ಟ. ಆಗ ಆ ಪುಟ್ಟ ಅಂಗಾಲು ಅವನ ಅಂಗೈಯನ್ನು ತಿರುಗಿ ಒತ್ತಿತು.

"ನೋಡೇ, ಇನ್ನೂ ಬೇಕಂತೆ!"

ಅಂದಿನಿಂದ ಚೂಟಿ ಆಡಿದ ಮಾತೆಂದರೆ ಹಾಗೆ ತಿರುಗಿ ಒತ್ತುವುದೊಂದೇ, ಅದೂ ಅಪ್ಪನೊಂದಿಗೆ ಮಾತ್ರ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಟ್ಟೆಕಿಚ್ಚೂ ಆಗುತ್ತಿತ್ತು.

"ನೀನೂ ಬಾರೆ," ಎಂದು ಅವನು ಎಷ್ಟೋ ಸಲ ಕರೆದ. "ಸೋಫಾ ತುದೀಲಿ ಕೂರೋ ನೆಂಟರ ಹಾಗೆ ಮುಟ್ತೀಯ ನೀನು. ಪೂರ್ತಿ ಕೂತ್ಕೊ. ಏನೂ ಮುರಿಯಲ್ಲ."

"ನಾಳೆ ನೋಡೋಣ," ಎನ್ನುತ್ತಿದ್ದಳು ಅವಳು.

* * *

ಹೊರಗೆ ಗಾಡಿ ಬಂದು ನಿಂತಿತು. "ಏಳ್ರಪ್ಪ, ಹೊತ್ತಾಯ್ತು," ಎಂದ ದೊಡ್ಡಪ್ಪ. ಸುತ್ತ ಕೂತಿದ್ದವರು ಎದ್ದು ಸರಿದರು. ಬೀರುವಿನ ಸಂದಿಯಿಂದ ಹಜಾರದವರೆಗೆ ದಾರಿ ತೆರೆದುಕೊಂಡಿತು.

ಅಪ್ಪನ ಕೆಳಗಿದ್ದುದು ಆ ನೀಲಿ ಹಾಸು. ಬೆಳಿಗ್ಗೆ ಆಸ್ಪತ್ರೆಯಿಂದ ಅವನನ್ನು ತಂದಾಗ ಯಾರೋ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಸಿಬಿಟ್ಟಿದ್ದರು.

ಚೂಟಿ ಎದ್ದು ಬಂದಳು. ಯಾರನ್ನೂ ನೋಡಲಿಲ್ಲ. ಹಾಸಿನ ಅಂಚಿನಲ್ಲಿ ತನ್ನ ಜಾಗದಲ್ಲಿ ಕೂತು, ಕಾಲು ಚಾಚಿ, ಪಕ್ಕಕ್ಕೆ ತೆರೆದು ಬಿದ್ದಿದ್ದ ಅಪ್ಪನ ಅಂಗೈಗೆ ಅಂಗಾಲು ಇಟ್ಟಳು.

"ಅಯ್ಯೋ, ಕಾಲು!" ಎಂದು ಅತ್ತೆ ಚೀರಿದಳು. "ಸತ್ತ ಅಪ್ಪನಿಗೆ ಕಾಲು ತಾಗಿಸ್ತಿದಾಳೆ, ಎತ್ಕೊಳ್ರೋ ಯಾರಾದ್ರೂ!"

ಚೂಟಿ ಅಂಗಾಲನ್ನು ಒತ್ತಿ ಕಾದಳು. ಆ ಕೈ ಕಲ್ಲಿನಷ್ಟು ತಣ್ಣಗಿತ್ತು. ಮತ್ತೆ ಒತ್ತಿದಳು, ಇನ್ನೂ ಜೋರಾಗಿ. ಗಂಟಲೊಳಗೆ ಸಣ್ಣದೊಂದು ಸದ್ದು ಎದ್ದಿತು. ಜೊತೆಗಾರ ಗೋಡೆಗೆ ಮುಖಮಾಡಿ ನಿಂತ. ದೊಡ್ಡಪ್ಪ ಮಗುವನ್ನು ಎತ್ತಲು ಬಗ್ಗಿದ.

"ಮುಟ್ಬೇಡಿ ಭಾವ."

ತಾಯಿ ಬಂದು ಹಾಸಿನ ಮೇಲೆ ಪೂರ್ತಿ ಕೂತಳು. ಗಂಡನ ಅಂಗೈಯಿಂದ ಮಗಳ ಪಾದವನ್ನು ಬಿಡಿಸಿ ತನ್ನ ಎರಡೂ ಕೈಗೆ ತೆಗೆದುಕೊಂಡಳು. ಮಣಿಕಟ್ಟಿನ ಹಳೆಯ ಕಲೆ ಮಗುವಿನ ಬಾಯಿಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಅಂಗೈ ಪೂರ್ತಿ ಊರಿ, ಹೆಬ್ಬೆರಳಿನ ಉಗುರು ಬಿಳಿಚುವಷ್ಟು ಜೋರಾಗಿ ಒತ್ತಿದಳು.

ಚೂಟಿಯ ಮೈ ಸೆಟೆಯಿತು. ಈಗ ಕಿರುಚುತ್ತಾಳೆ ಎಂದು ಅತ್ತೆ ಕಿವಿ ಮುಚ್ಚಿಕೊಂಡಳು. ತಾಯಿ ಒತ್ತಿಯೇ ಇದ್ದಳು. ಆಮೇಲೆ, ಗಂಡ ಮಾಡುತ್ತಿದ್ದ ಹಾಗೆಯೇ, ಬಿಟ್ಟಳು.

ಅಂಗಾಲು ಅವಳ ಅಂಗೈಯ ಮೇಲೆ ಸುಮ್ಮನೆ ಇತ್ತು. ಬಹಳ ಹೊತ್ತು ಇತ್ತು. ಗಾಡಿಯವನು ಒಳಗೆ ಇಣುಕಿ ನೋಡಿ ಚಪ್ಪಲಿ ಬಿಟ್ಟು ಅಲ್ಲೇ ನಿಂತ.

ನಂತರ ಅದು ಒತ್ತಿತು.

ನಿನ್ನೆಯಿಂದ ಬಾರದಿದ್ದ ಅಳು ತಾಯಿಯ ಬಾಯಿಂದ ಒಮ್ಮೆಲೇ ಹೊರಬಿತ್ತು. ಕೈ ಮಾತ್ರ ಅವಳು ಹಗುರ ಮಾಡಲಿಲ್ಲ. ಚೂಟಿ ಅವಳ ಮುಖ ನೋಡದೆ, ಅಪ್ಪನ ತೋಳಿಗೆ ಬೆನ್ನು ಕೊಟ್ಟು, ಇನ್ನೊಂದು ಕಾಲನ್ನೂ ಮುಂದಕ್ಕೆ ಚಾಚಿದಳು.