ಗುಡ್ಡ ಹತ್ತಿದ ಪುಟ್ಟ ಮೋಟಾರು

ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಅಕ್ಕನ ಕೆಲಸ. ಊರಿನ ಬೀದಿಗಳಲ್ಲಿ ಸೈಕಲ್ ತುಳಿಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ವಾರಕ್ಕೆ ಮೂರು ಸಲ ಗುಡ್ಡದ ಮೇಲೊಂದು ಮನೆಗೆ ಹೋಗಬೇಕಿತ್ತು. ಅಲ್ಲಿ ಸೊಂಟ ಮುರಿದ ಮುದುಕ ಬಸ್ ಡ್ರೈವರೊಬ್ಬರು ಮಲಗಿದ್ದರು. ಏರಿನುದ್ದಕ್ಕೂ ಸೈಕಲ್ ತಳ್ಳಿಕೊಂಡು ಹೋಗುವಷ್ಟರಲ್ಲಿ ಐವತ್ಮೂರರ ಮಂಡಿಗಳು ಬೇಡವೋ ಬೇಡ ಅನ್ನುತ್ತಿದ್ದವು. ಕೈ ನಡುಗುವುದು ನಿಲ್ಲುವ ತನಕ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರಬೇಕು, ಆಮೇಲೇ ಕತ್ತರಿ ಹಿಡಿಯುವುದು.

ಅವಳ ತಂಗಿಯದು ಸೈಕಲ್ ರಿಪೇರಿ ಅಂಗಡಿ. ತೆಳ್ಳಗಿದ್ದಾಳೆ ಅಂತಲೋ, ದಿನವಿಡೀ ಸ್ಪೋಕ್ ಕಡ್ಡಿಗಳ ಜೊತೆ ಗುದ್ದಾಡುತ್ತಾಳೆ ಅಂತಲೋ, ಬೀದಿಯವರೆಲ್ಲ ಅವಳನ್ನು ಕಡ್ಡಿ ಅಂತಲೇ ಕರೆಯುತ್ತಿದ್ದರು. ಒಂದು ಭಾನುವಾರ ಕಡ್ಡಿ ಅಕ್ಕನ ಸೈಕಲ್ಲಿಗೆಂದು ಎರಡು ಚಕ್ರಗಳನ್ನು ಮೇಜಿನ ಮೇಲಿಟ್ಟಳು. ಒಂದೊಂದರ ನಡುಮಧ್ಯೆಯೂ ಒಂದು ಬ್ಯಾಟರಿ ಮೋಟಾರು. ಒಂದು ಊಟದ ತಟ್ಟೆಯಷ್ಟು ಅಗಲ, ಇನ್ನೊಂದು ಅಂಗೈಗಿಂತ ತುಸು ದೊಡ್ಡದು.

"ಇದರಲ್ಲಿ ಆರಿಸೋದೇನಿದೆ? ದೊಡ್ಡದೇ ಇರಲಿ," ಅಂದಳು ಅಕ್ಕ. "ಗುಡ್ಡ ಏನು ಚಿಕ್ಕದಾ?"

"ಮೊದಲು ಹತ್ತಿಸಿ ನೋಡು. ಆಮೇಲೆ ಹೇಳು."

ದೊಡ್ಡ ಮೋಟಾರು ಸಮನೆಲದಲ್ಲಿ ಸದ್ದೇ ಇಲ್ಲದೆ ಹಾರಿತು. ಏರಿನ ಎರಡನೇ ತಿರುವಿಗೆ ಆಮೆಯಾಯಿತು. ಮೂರನೇ ತಿರುವಿನಲ್ಲಿ ನಿಂತೇಬಿಟ್ಟಿತು. ಅಕ್ಕ ಇಳಿದು ಅದನ್ನು ಮುಟ್ಟಿದವಳೇ ಚುರ್ರೆಂದು ಕೈ ಹಿಂದೆಳೆದುಕೊಂಡಳು. ಬ್ರೇಕ್ ಹಿಡಿದುಕೊಂಡು, ಮುಖ ಊದಿಸಿಕೊಂಡು ವಾಪಸು ಬಂದಳು.

"ಅದರಲ್ಲಿ ಗೇರಿಲ್ಲ ಕಣೇ," ಅಂದಳು ಕಡ್ಡಿ. "ಚಕ್ರ ಒಂದು ಸುತ್ತು ಬಂದರೆ ಮೋಟಾರೂ ಒಂದೇ ಸುತ್ತು. ಏರಿನಲ್ಲಿ ಚಕ್ರ ನಿಧಾನ ಆದ್ರೆ ಅದೂ ತೆವಳಬೇಕು. ಕರೆಂಟೆಲ್ಲ ಬಿಸಿಯಾಗಿ ಹಾಳು. ಈಗ ಚಿಕ್ಕದರ ಹೊಟ್ಟೆಯಲ್ಲಿ ಏನಿದೆ ನೋಡು."

ಅವಳು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಅಕ್ಕ ಕನ್ನಡಕ ಮೂಗಿಗೇರಿಸಿ ಬಗ್ಗಿದಳು. ಗ್ರೀಸಿನ ನಡುವೆ ಮೂರು ಬಿಳಿ ಹಲ್ಲುಚಕ್ರಗಳು, ಅವುಗಳ ಮಧ್ಯೆ ಹೆಬ್ಬೆರಳು ಗಾತ್ರದ ಉಕ್ಕಿನದೊಂದು. ಕಡ್ಡಿ ಆ ಉಕ್ಕಿನದನ್ನು ಬೆರಳಿಂದ ತಿರುಗಿಸಿದಳು. ಮೂರೂ ಒಟ್ಟಿಗೆ ತಿರುಗಿದವು. ಅದು ಐದು ಸುತ್ತು ಬಂದಾಗ ಅವುಗಳನ್ನು ಸುತ್ತುವರಿದ ಹೊರಗಿನ ಬಳೆ ಗಂಭೀರವಾಗಿ ಒಂದೇ ಒಂದು ಸುತ್ತು ಮುಗಿಸಿತು.

"ಒಳಗಿನದು ಓಡತ್ತೆ, ಹೊರಗಿನದು ಚಕ್ರನ ನಿಧಾನಕ್ಕೆ ಎಳೆಯತ್ತೆ. ವೇಗ ಕೊಟ್ಟು ಬಲ ತಗೊಳ್ಳೋದು."

ಮೂವತ್ತು ವರ್ಷ ಮನುಷ್ಯರ ಕೀಲು ಮೂಳೆ ಕಂಡಿದ್ದ ಅಕ್ಕ ಇನ್ನಷ್ಟು ಬಗ್ಗಿದಳು.

"ಇನ್ನೊಂದ್ಸಲ ತಿರುಗಿಸೇ," ಅಂದಳು. ಕಡ್ಡಿ ತಿರುಗಿಸಿದಳು. "ಇನ್ನೊಂದ್ಸಲ."

"ಸಾಕು ಬಿಡಕ್ಕ, ಸವೆದು ಹೋದೀತು!"

"ಯಾರು ಕಂಡುಹಿಡಿದ್ರೋ ಇದನ್ನ!"

"ನಿನ್ನ ಹಾಗೆ ಮಂಡಿ ನೋವಿದ್ದೋರೇ ಇರಬೇಕು."

ಸೋಮವಾರ ಅಕ್ಕ ಔಷಧಿ ಚೀಲ ಕಟ್ಟಿಕೊಂಡು ಹೊರಟಳು. ಸೈಕಲ್ಲಿಗೆ ಹಾಕಿದ ಚಿಕ್ಕ ಮೋಟಾರು ಗುಂಯ್ ಅನ್ನುತ್ತಿತ್ತು. ಎರಡನೇ ತಿರುವು ದಾಟಿತು. ಮೂರನೆಯದು ಬಂದಾಗ ಅವಳು ಉಸಿರು ಬಿಗಿಹಿಡಿದಳು. ಸೈಕಲ್ ಅವಸರ ಮಾಡಲಿಲ್ಲ, ನಿಲ್ಲಲೂ ಇಲ್ಲ. ಅವಳು ತುಸು ತುಳಿದರೆ ಸಾಕು, ಯಾರೋ ಬೆನ್ನಿಗೆ ಕೈಯಿಟ್ಟು ಮೇಲಕ್ಕೆ ದೂಡುತ್ತಿದ್ದ ಹಾಗಿತ್ತು. ಒಂದು ಸಲ ತಿರುಗಿ ನೋಡಿಯೂ ನೋಡಿದಳು. ಯಾರಿದ್ದಾರೆ? ಖಾಲಿ ರಸ್ತೆ.

ಅವತ್ತು ಮೆಟ್ಟಿಲ ಮೇಲೆ ಕೂರಲಿಲ್ಲ. ನೆಟ್ಟಗೆ ಒಳಗೆ ಹೋಗಿ, ಕೈ ತೊಳೆದು, ಬೆನ್ನ ಹುಣ್ಣಿನ ಪಟ್ಟಿ ಬಿಚ್ಚಿದಳು. ಬೆರಳು ಒಂದಿಷ್ಟೂ ನಡುಗಲಿಲ್ಲ.

"ಏನಮ್ಮಾ, ಇವತ್ತು ಏದುಸಿರೇ ಕೇಳಲಿಲ್ಲ?" ಅಂದರು ಡ್ರೈವರು. ಅಕ್ಕ ಹಲ್ಲುಚಕ್ರದ ಕಥೆಯೆಲ್ಲ ಹೇಳಿದಳು.

"ಹಾಗಾದ್ರೆ ಮೇಲೆ ಕೊನೇ ಸ್ಟಾಪ್ ತನಕ ಹೋಗಿ ಬನ್ನಿ. ಇಪ್ಪತ್ತಾರು ವರ್ಷ ಅಲ್ಲಿ ಬಸ್ ತಿರುಗಿಸಿದ್ದೀನಿ. ನೀವು ನೋಡೇ ಇಲ್ವಾ?"

ನೋಡಿರಲಿಲ್ಲ. ಅವಳ ಕಾಲುಗಳು ಯಾವಾಗಲೂ ಈ ಗೇಟಿಗೇ ಮುಗಿದುಹೋಗುತ್ತಿದ್ದವು.

ಪಟ್ಟಿ ಕಟ್ಟಿ ಹೊರಟಳು. ರಸ್ತೆ ಇನ್ನೂ ಕಡಿದಾಯಿತು, ಮೋಟಾರು ಅದೇ ರಾಗದಲ್ಲಿ ಹತ್ತಿತು. ನೆತ್ತಿ ತಲುಪಿ ಕಾಲೂರಿದವಳು ಹಾಗೇ ನಿಂತುಬಿಟ್ಟಳು. ಗುಡ್ಡದ ಆ ಮಗ್ಗುಲಿಗೆ ಕೆರೆಯೊಂದು ಕಣ್ಣು ಹಾಯುವಷ್ಟು ದೂರ ಹಾಸಿಕೊಂಡಿತ್ತು. ಮೋಡಗಳ ನೆರಳು ನೀರ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಇಷ್ಟು ದೊಡ್ಡದೊಂದು ತಾನು ಹುಟ್ಟಿ ಬೆಳೆದ ಊರಿನ ಬೆನ್ನಿಗೇ ಇತ್ತೆ! ಅವಳ ಕಣ್ಣು ತುಂಬಿತು.

ಮತ್ತೆ ಡ್ರೈವರ ಮನೆಗೆ ಇಳಿದು ಬಂದು ಕಂಡದ್ದನ್ನೆಲ್ಲ ಹೇಳಿದಳು. ಡ್ರೈವರು ಕಣ್ಣು ಮುಚ್ಚಿ ಕೇಳಿದರು.

"ಎಡಗಡೆ ಮೂಲೆಯಲ್ಲಿ ಒಂದು ನಡುಗಡ್ಡೆ ಇದೆ. ಕಂಡ್ತಾ?"

"ಇಲ್ವಲ್ಲ!"

"ಹಾಗಾದ್ರೆ ಬುಧವಾರ ಇನ್ನೊಂದ್ಸಲ ಹೋಗಬೇಕು ನೀವು," ಅಂದರು ಅವರು.