ನಂಬರ್ ಬದಲಿಸು ಅಂದವರು

ಜನವರಿಯ ಮೊದಲ ಸೋಮವಾರ ಬೆಳಗ್ಗೆ, ದಾನೇಶ್ವರಿ ಮುಂಬಯಿಯ ಜಿಟಿಬಿ ನಗರದಲ್ಲಿ ಲೋಕಲ್ ರೈಲು ಹತ್ತುತ್ತಿದ್ದಾಗ ಮೊದಲ ಕರೆ ಬಂತು. ಗಂಡಸಿನ ದನಿ. ಇವತ್ತು ಫ್ರೀ ಇದ್ದೀಯಾ, ರೇಟ್ ಎಷ್ಟು ಎಂದು ಹಿಂದಿಯಲ್ಲಿ ಕೇಳಿದ. ರಾಂಗ್ ನಂಬರ್ ಎಂದು ಕಟ್ ಮಾಡಿದಳು. ಕುರ್ಲಾದಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಹನ್ನೊಂದು ಕರೆಗಳಾಗಿದ್ದವು. ಕಾಲೇಜಿಗೆಂದು ವಿಕ್ರೋಳಿಯಲ್ಲಿ ಇಳಿದಾಗ ಯಾರೋ ಒಬ್ಬ ಅವಳದೇ ಫೋಟೋ ಕಳಿಸಿ, ಇದು ನೀನೇ ತಾನೆ ಎಂದು ಬರೆದಿದ್ದ. ಇಂಟರ್‌ನೆಟ್ಟಿನ ಯಾವುದೋ ಪೇಜಿನಿಂದ ತೆಗೆದದ್ದು. ಫೋಟೋದ ಕೆಳಗೆ ಅವಳ ನಂಬರು, ಆಂಟಾಪ್ ಹಿಲ್‌ನ ಮನೆಯ ವಿಳಾಸ, ಮತ್ತೆ ಬಾಯಲ್ಲಿ ಹೇಳಲಾಗದ ನಾಲ್ಕು ಸಾಲು.

ಆ ಸಾಲುಗಳನ್ನು ಬಿಟ್ಟು ಅವಳು ನೋಡಿದ್ದು ಫೋಟೋವನ್ನೇ. ನೀಲಿ ಪರದೆ, ಎಣ್ಣೆ ಹಚ್ಚಿ ಬಿಗಿದ ಜಡೆ, ಒಂದು ಕಡೆ ಮಡಚಿಕೊಂಡ ಕಾಲರ್. ಅದನ್ನು ಅವಳು ಎಲ್ಲಿಯೂ ಹಾಕಿರಲಿಲ್ಲ. ಅವಳ ವಾಟ್ಸಾಪ್ ಡಿಪಿಯಲ್ಲಿದ್ದದ್ದು ದಾಸವಾಳದ ಹೂವು. ಇನ್‌ಸ್ಟಾಗ್ರಾಮ್ ಇರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ, ಕಾಲೇಜು ಹೇಳಿದ ಎಚ್ಚರಿಕೆಗಳನ್ನೆಲ್ಲ ಪಾಲಿಸಿದ್ದಳು. ಆ ಫೋಟೋ ಹೋಗಿದ್ದು ಒಂದೇ ಕಡೆಗೆ. ಜುಲೈನಲ್ಲಿ, ಐಡಿ ಕಾರ್ಡಿಗೆಂದು, ಕಾಲೇಜಿಗೆ.

ಕ್ಯಾಂಟೀನಿನಲ್ಲಿ ಗೆಳತಿ ಸ್ನೇಹಲ್ ಫೋನು ಕಸಿದುಕೊಂಡಳು. ಬೆಳಗಾವಿಯವರ ಮಗಳು, ಹುಟ್ಟಿದ್ದು ಮುಂಬಯಿಯಲ್ಲಿ.

"ದಾನೂ, ಡಿಲೀಟ್ ಮಾಡೂದ್ ನಕೋ. ಬ್ಲಾಕ್ ಆಮೇಲೆ ಮಾಡು. ಮೊದ್ಲು ಸ್ಕ್ರೀನ್‌ಶಾಟ್. ಲಿಂಕ್ ಭೀ ಕಾಣ್ಬೇಕು, ಟೈಮ್ ಭೀ ಕಾಣ್ಬೇಕು."

ಆಮೇಲೆ ಸ್ನೇಹಲ್ ಜುಲೈ ತಿಂಗಳ ಮೆಸೇಜುಗಳನ್ನು ಹಿಂದಕ್ಕೆ ತಿರುಗಿಸಿ, ಕ್ಲಾಸ್ ಗ್ರೂಪಿನಲ್ಲಿ ದೇವಾನಂದ ಸರ್ ಕಳಿಸಿದ್ದ ಐಡಿ ಕಾರ್ಡಿನ ಲಿಂಕ್ ಹುಡುಕಿದಳು. ದೇವಾನಂದ ಸರ್ ಕಂಪ್ಯೂಟರ್ ಕಲಿಸುವವರು, ಕಾಲೇಜಿನ ಆನ್‌ಲೈನ್ ಕೆಲಸವೆಲ್ಲ ಅವರದೇ. ಲಿಂಕ್ ಒತ್ತಿದರೆ ಪಾಸ್‌ವರ್ಡ್ ಕೇಳಲಿಲ್ಲ, ಏನೂ ಕೇಳಲಿಲ್ಲ. ಪಟ್ಟಿ ತೆರೆದುಕೊಂಡಿತು. ನಾಲ್ಕು ನೂರ ಹನ್ನೆರಡು ವಿದ್ಯಾರ್ಥಿಗಳ ಫೋಟೋ, ಫೋನ್ ನಂಬರು, ಮನೆಯ ವಿಳಾಸ, ತಾಯಿಯ ಹೆಸರು, ಆಧಾರ್. ಮೂಲೆಯಲ್ಲಿ ಸಣ್ಣ ಗುರುತುಗಳು: ಹೆಸರಿಲ್ಲದ ಮೂವರು ಅದೇ ಕ್ಷಣದಲ್ಲಿ ಅದನ್ನು ನೋಡುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ದೇವಾನಂದ ಸರ್ ಒಬ್ಬರೇ ಇದ್ದರು. ದಾನೇಶ್ವರಿಯ ಮನೆಯವರ ಹಾಗೆ ಅವರೂ ಧಾರವಾಡದ ಕಡೆಯವರು, ಹಾಗಾಗಿ ಅವಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವಳು ಎಲ್ಲ ಹೇಳಿ ಮುಗಿಸುವವರೆಗೂ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಯಾರರ ಹುಡುಗನ ಜೋಡಿ ಜಗಳ ಆಗೇದೇನು?"

"ಇಲ್ರೀ ಸರ್. ಫೋಟೋ ನಿಮ್ಮ ಪಟ್ಟಿಯೊಳಗಿಂದ ಹೋಗೇತಿ. ಅದು ಇನ್ನೂ ಓಪನ್ ಐತಿ."

"ನಾಕು ನೂರು ಮಂದಿ ಅದಾರ ಅದರಾಗ. ನಿನಗೊಬ್ಬಾಕಿಗೇ ಯಾಕ ಹಿಂಗಾತು? ಬ್ಯಾರೆ ಯಾರೂ ಕಂಪ್ಲೇಂಟ್ ಮಾಡಿಲ್ಲ. ನಂಬರ್ ಬದಲಿಸು, ಮುಗೀತು. ಹೊರಗ ಎಲ್ಲೂ ಮಾತಾಡಬ್ಯಾಡ. ಹೆಸರು ಹೋಗೂದು ನಿಂದ."

ಅವಳು ಹೊರಬಂದು ಜಿನುಗುತ್ತಿದ್ದ ಕಣ್ಣನ್ನು ವೇಲಿನಿಂದ ಒರೆಸಿಕೊಂಡಳು. ಅಳುವೆಂದುಕೊಂಡು, ಬಾಗಿಲಲ್ಲಿ ಕಾಯುತ್ತಿದ್ದ ಸ್ನೇಹಲ್ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅದು ಅಳುವಾಗಿರಲಿಲ್ಲ, ಸಿಟ್ಟಾಗಿತ್ತು.

ಸಂಜೆ ತಾಯಿ ಚಂದ್ರವ್ವ ಕೆಲಸದಿಂದ ಬಂದಾಗಲೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ಚಂದ್ರವ್ವ ಮಾಟುಂಗದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಗಂಡ ಕಟ್ಟಡ ಕೆಲಸದ ಮೇಲೆ ಪನ್ವೇಲ್‌ನಲ್ಲಿದ್ದ. ಮಗಳು ತಡವರಿಸುತ್ತ ಹೇಳಿದ್ದನ್ನು ಕೇಳಿ ಅವಳು ಫೋನಿಗೆ ಕೈ ಚಾಚಿದಳು. ಮುಂದಿನ ಕರೆಯನ್ನು ತಾನೇ ಎತ್ತಿದಳು. ಅವಳ ಹಿಂದಿ ಒರಟು, ಆದರೆ ಅರ್ಥವಾಗದೆ ಇರುವಂಥದಲ್ಲ.

"ನಾನು ಆಕಿ ತಾಯಿ. ನಿನ್ನ ತಾಯಿ ನಂಬರ್ ಕೊಡು. ನೀ ಕೇಳಿದ್ದನ್ನ ಆಕಿಗೆ ಹೇಳ್ತೀನಿ."

ಆ ಕಡೆ ಕಟ್ ಆಯಿತು. ಹಾಗೆ ಇಪ್ಪತ್ತೆರಡು ಕರೆಗಳಿಗೆ ಉತ್ತರ ಕೊಟ್ಟಳು. ಆಮೇಲೆ ಫೋನು ಕೆಳಗಿಟ್ಟು, "ಕಾಲೇಜ್ ಬಿಡ್ತೀನಿ ಅಂದ್ರ ನಿನಗ ನಾನ ಬಡೀತೀನಿ" ಎಂದಳು.

ಮರುದಿನ ಸ್ನೇಹಲ್‌ಗೆ ನೆನಪಾಯಿತು. ಅವರ ಕ್ಲಾಸಿನ ಮಹಾದೇವಿ ದೀಪಾವಳಿಯಿಂದ ಈಚೆಗೆ ಕಾಲೇಜಿಗೆ ಬಂದಿರಲಿಲ್ಲ. ಮದುವೆ ಗೊತ್ತಾಗಿದೆ ಎಂದು ಯಾರೋ ಹೇಳಿದ್ದರು, ಎಲ್ಲರೂ ನಂಬಿದ್ದರು. ದಾನೇಶ್ವರಿ ಅವಳ ನಂಬರಿಗೆ ಫೋನ್ ಹಚ್ಚಿದಳು. ಆ ನಂಬರು ಚಾಲ್ತಿಯಲ್ಲಿರಲಿಲ್ಲ.

ಬುಧವಾರ ಚಂದ್ರವ್ವ ರಜೆ ಹಾಕಿ, ಪಟ್ಟಿಯಲ್ಲಿದ್ದ ವಿಳಾಸ ಹಿಡಿದು, ಮಗಳನ್ನು ಕರೆದುಕೊಂಡು ದಹಿಸರ್‌ಗೆ ಹೋದಳು. ಮಹಾದೇವಿಯ ಅಪ್ಪ ನಿಂಗಣ್ಣನದು ಸ್ಟೇಷನ್ ಹತ್ತಿರ ಸಣ್ಣ ಹಿಟ್ಟಿನ ಗಿರಣಿ. ಮಹಾದೇವಿ ಒಳಗೆ ಚೀಲಕ್ಕೆ ಹಿಟ್ಟು ತುಂಬುತ್ತಿದ್ದಳು, ರೆಪ್ಪೆಗಳ ಮೇಲೂ ಹಿಟ್ಟು. ದಾನೇಶ್ವರಿಯ ಫೋನಿನಲ್ಲಿದ್ದ ಸ್ಕ್ರೀನ್‌ಶಾಟ್ ನೋಡಿ ಕುಳಿತುಬಿಟ್ಟಳು.

"ಇದಾ ಪೇಜ್" ಎಂದಳು. "ನಂದೂ ಇದಾ ಪೇಜ್‌ನಾಗ ಬಂದಿತ್ತು."

"ನೀ ಯಾರಿಗೂ ಹೇಳ್ಲಿಲ್ಲೇನು?"

"ದೇವಾನಂದ ಸರ್‌ಗೆ ಹೇಳಿದ್ದೆ. ಅರ್ಜಿ ಬರದು ಕೊಟ್ಟಿದ್ದೆ. ನಂಬರ್ ಬದಲಿಸು ಅಂದ್ರು."

ಅವಳು ಒಳಗಿನಿಂದ ಅರ್ಜಿಯ ನಕಲು ತಂದಳು. ಕಾಲೇಜಿನ ಆಫೀಸಿನ ಸೀಲು ಇತ್ತು, ಅಕ್ಟೋಬರ್ ತಾರೀಕು ಇತ್ತು. ಕೆಳಗೆ ದೇವಾನಂದ ಸರ್ ಸಹಿ. ಪಟ್ಟಿ ಮುಚ್ಚಿ ಎಂದು ಆ ಹುಡುಗಿ ಸ್ಪಷ್ಟವಾಗಿ ಬರೆದಿದ್ದಳು. ದಾನೇಶ್ವರಿ ಅದನ್ನು ಎರಡು ಸಲ ಓದಿದಳು. ಸರ್‌ಗೆ ಮೂರು ತಿಂಗಳ ಹಿಂದೆಯೇ ಗೊತ್ತಿತ್ತು. ಒಂದು ಬಟನ್ ಒತ್ತುವ ಕೆಲಸ. ಒತ್ತಿರಲಿಲ್ಲ.

"ಹೋಗ್ಲಿ ಬಿಡ್ರಿ" ಎಂದ ನಿಂಗಣ್ಣ. "ಮಾನ ಹೋದ ಮ್ಯಾಲೆ ಕಾಲೇಜ್ ತಗೊಂಡು ಏನ್ ಮಾಡೂದು?"

"ಯಾರ ಮಾನ ಹೋಗೇತಿ, ನಿಂಗಣ್ಣ?" ಚಂದ್ರವ್ವ ದನಿ ಎತ್ತಲಿಲ್ಲ. "ಮನಿ ಬಾಗಲಾ ತಗದಿಟ್ಟಾವ ಒಬ್ಬ, ಕದ್ದಾವ ಇನ್ನೊಬ್ಬ. ಶಿಕ್ಷಾ ನಿನ್ನ ಮಗಳಿಗೆ. ಇದ್ಯಾವ ನ್ಯಾಯ?"

ನಿಂಗಣ್ಣ ಗಿರಣಿ ನಿಲ್ಲಿಸಿದ. ಮಗಳ ಕಡೆ ನೋಡಿ, "ನಾಳೆ ಕಾಲೇಜಿಗೆ ಹೋಗ್ತಿಯೇನು?" ಎಂದ.

ಗುರುವಾರ ಕಾಲೇಜಿನ ಹಾಲ್‌ನಲ್ಲಿ ಸೈಬರ್ ಸುರಕ್ಷತೆಯ ಸೆಮಿನಾರ್. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲ್ ಮೇಡಂ, ವೇದಿಕೆಯ ಮೇಲೆ ದೇವಾನಂದ ಸರ್. ಪಾಸ್‌ವರ್ಡ್ ಗಟ್ಟಿಯಾಗಿರಲಿ, ಓಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಹಿಂದಿಯಲ್ಲಿ ಹೇಳುತ್ತ ಬಂದರು. ತಪ್ಪು ಮಾತುಗಳೇನಲ್ಲ. ಆಮೇಲೆ ನಗುತ್ತ, "ಮುಖ್ಯವಾಗಿ ಹುಡುಗಿಯರು ಫೋಟೋ ಹಾಕುವ ಹುಚ್ಚು ಬಿಡಬೇಕು. ಕಂಪ್ಲೇಂಟ್ ತರುವವರೆಲ್ಲ ಮೊದಲು ತಾವೇ ಹಾಕಿದವರು" ಎಂದರು.

ದಾನೇಶ್ವರಿ ಎದ್ದು ನಿಂತಳು.

"ಸರ್, ನಾನು ಎಲ್ಲೂ ಹಾಕಿಲ್ಲ. ನೀವು ಹಾಕಿದ್ದೀರಿ."

"ಪ್ರಶ್ನೆಗಳು ಕೊನೆಯಲ್ಲಿ. ಕೂತ್ಕೋ."

"ಕೂರಲ್ಲ." ಅವಳು ಹಾಲ್ ಕಡೆಗೆ ತಿರುಗಿದಳು. "ಎಲ್ಲರೂ ಜುಲೈನ ಐಡಿ ಕಾರ್ಡ್ ಲಿಂಕ್ ತೆಗೀರಿ. ನಿಮ್ಮ ಹೆಸರು ಹುಡುಕಿ. ನಿಮ್ಮ ತಾಯಿ ಹೆಸರೂ ಇದೆ, ನೋಡಿ. ಅದನ್ನ ಇಡೀ ಊರು ಓದಬಹುದು."

ಮೊದಲು ಪಿಸುಮಾತು. ನಂತರ ಒಂದೊಂದಾಗಿ ಫೋನುಗಳು ಬೆಳಗಿದವು. ಎಡಗಡೆ ಯಾರೋ ತನ್ನ ಮನೆಯ ವಿಳಾಸವನ್ನು ಗಟ್ಟಿಯಾಗಿ ಓದಿದ. ಹುಡುಗರ ಮುಖದ ನಗೆಯೂ ಇಳಿಯಿತು. ಮಹಾದೇವಿ ಹಿಂದಿನ ಬಾಗಿಲಿನಿಂದ ಬಂದು, ಯಾರ ಮುಖವನ್ನೂ ನೋಡದೆ ನಡೆದು, ಅರ್ಜಿಯ ನಕಲನ್ನು ಪ್ರಿನ್ಸಿಪಾಲ್ ಕೈಗೆ ಕೊಟ್ಟಳು.

"ಮೇಡಂ, ಅಕ್ಟೋಬರ್‌ನಲ್ಲೇ ಕೊಟ್ಟಿದ್ದೆ. ಈ ಸಹಿ ಸರ್‌ದು."

ಪ್ರಿನ್ಸಿಪಾಲ್ ಓದಿದರು. ದೇವಾನಂದ ಸರ್ ಮೈಕಿನಲ್ಲಿ, ಕೆಲಸದ ಒತ್ತಡ, ನೋಡಿಲ್ಲ, ಎಂದರು. ಹಿಂದಿನ ಸಾಲಿನಿಂದ ಇನ್ನೊಬ್ಬ ಹುಡುಗಿ ಎದ್ದು ತನಗೂ ಕರೆ ಬರುತ್ತಿತ್ತೆಂದಳು. ಮತ್ತೊಬ್ಬಳು ಎದ್ದಳು. ಮಹಾದೇವಿ ಸೇರಿ ಒಟ್ಟು ಒಂಬತ್ತು ಮಂದಿ. ಒಂಬತ್ತೂ ಜನ ನಂಬರ್ ಬದಲಿಸಿ, ತನಗೊಬ್ಬಳಿಗೇ ಹೀಗಾಗಿದೆ ಎಂದುಕೊಂಡು ಸುಮ್ಮನಿದ್ದವರು. ಅದನ್ನು ಕೇಳಿದಾಗ ದಾನೇಶ್ವರಿಗೆ ಆ ಪೇಜು ಮಾಡಿದವನಿಗಿಂತ ವೇದಿಕೆಯ ಮೇಲಿದ್ದವರ ಮೇಲೆ ಹೆಚ್ಚು ಸಿಟ್ಟು ಬಂತು.

ಪಟ್ಟಿಯನ್ನು ಹತ್ತು ನಿಮಿಷದಲ್ಲಿ ಮುಚ್ಚಿದರು. ಆ ಮಧ್ಯಾಹ್ನವೇ ಹುಡುಗಿಯರು ಪೊಲೀಸ್ ಠಾಣೆಗೆ ಹೋದರು, ಚಂದ್ರವ್ವ ಮುಂದೆ. ಬಾಯ್‌ಫ್ರೆಂಡ್ ಇದ್ದಾನೆಯೇ ಎಂದು ಅಲ್ಲಿಯೂ ಕೇಳಿದರು. ಚಂದ್ರವ್ವ, ಅದನ್ನೂ ಬರೆದುಕೊಳ್ಳಿ, ಏನು ಕೇಳಿದಿರೆಂದು ನಾವೂ ಬರೆದುಕೊಳ್ಳುತ್ತೇವೆ ಎಂದ ಮೇಲೆ ದೂರು ತೆಗೆದುಕೊಂಡರು. ಸ್ನೇಹಲ್ ತೆಗೆಸಿದ್ದ ಸ್ಕ್ರೀನ್‌ಶಾಟುಗಳು ಅಲ್ಲಿ ಕೆಲಸಕ್ಕೆ ಬಂದವು. ಎರಡು ದಿನದಲ್ಲಿ ಪೇಜು ಹೋಯಿತು. ಫೆಬ್ರವರಿಯಲ್ಲಿ ಅದೇ ಕಾಲೇಜಿನ ಮೂರನೇ ವರ್ಷದ ಅಮೋಲ್ ಎಂಬವನನ್ನು ಹಿಡಿದರು. ಅವನಿಗೆ ದಾನೇಶ್ವರಿಯೂ ಸೇರಿ ಆ ಹತ್ತು ಹುಡುಗಿಯರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಪಟ್ಟಿ ಎದುರಿಗಿತ್ತು, ಆರಿಸಿಕೊಂಡ, ಅಷ್ಟೆ.

ಜೂನ್‌ನಲ್ಲಿ ಮಹಾದೇವಿ ಮತ್ತೆ ಎರಡನೇ ವರ್ಷಕ್ಕೆ ಸೇರಿದಳು. ದಾನೇಶ್ವರಿ, ಸ್ನೇಹಲ್ ಮೂರನೇ ವರ್ಷ. ಮಹಾದೇವಿಯ ಒಂದು ವರ್ಷ ಹೋಯಿತು, ಅದಕ್ಕೆ ಕಾಲೇಜಿನ ನಿಯಮಗಳಲ್ಲಿ ಪರಿಹಾರವಿರಲಿಲ್ಲ. ದೇವಾನಂದ ಸರ್ ಅವರಿಂದ ಆನ್‌ಲೈನ್ ಕೆಲಸ ತೆಗೆದಿದ್ದರು, ಪಾಠ ತೆಗೆದಿರಲಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಎದುರಾದರು.

"ಇನ್ನೂ ಸಿಟ್ಟದೇನು?" ಎಂದು ಕೇಳಿದರು.

"ಹೌದ್ರಿ ಸರ್, ಐತಿ" ಎಂದು ಹೇಳಿ ದಾನೇಶ್ವರಿ ಮೇಲೆ ಕ್ಲಾಸಿಗೆ ಹೋದಳು.